ಅಡ್ವಾನ್ಸ್ ಮೊದಲೋ, ವಕೀಲರು ಮೊದಲೋ

ನಿವೃತ್ತಿಯ ಹಣ ಯಾರ ಕೈಗೆ ಬಂದಿದೆ ಎಂಬುದನ್ನು ದಲ್ಲಾಳಿಗಳು ಹೇಗೆ ಪತ್ತೆ ಹಚ್ಚುತ್ತಾರೋ ದೇವರೇ ಬಲ್ಲ. ಬೀಳ್ಕೊಡುಗೆಯ ಹಾರ ಬಾಡುವ ಮೊದಲೇ ನಮ್ಮ ಬಸಣ್ಣನಿಗೆ ತುಮಕೂರಿನ ಹತ್ತಿರದ ವಸಂತನರಸಾಪುರದ ಪಕ್ಕ ಎರಡು ಎಕರೆ ಕುದುರಿತ್ತು. ಅಮಾನಿಕೆರೆಯ ಸುತ್ತ ನಡೆಯಲು ಬಂದವರು ನಾವು. ಸುದ್ದಿ ಕೇಳಿದ ಮೇಲೆ ನಡಿಗೆ ಎಲ್ಲಿಯದು, ಬೆಂಚು ಹಿಡಿದೆವು.

“ಕೈಗಾರಿಕಾ ಪ್ರದೇಶದ ಮಗ್ಗುಲು. ಐದು ವರ್ಷಕ್ಕೆ ಮೂರರಷ್ಟಾಗುತ್ತದಂತೆ. ಆಷಾಢ ಬರುವುದರೊಳಗೆ ಅಡ್ವಾನ್ಸ್ ಕೊಡಬೇಕು,” ಎಂದ ಬಸಣ್ಣ.

“ಯಾರಿಗಾದರೂ ತೋರಿಸಿದೆಯಾ?” ಎಂದರು ಮೇಷ್ಟ್ರು.

“ಎಲ್ಲರಿಗೂ ತೋರಿಸಿದ್ದೇನೆ. ನನ್ನ ರಾಶಿಗೆ ಭೂಮಿ ಕೂಡಿಬರುತ್ತದೆ ಎಂದರು ಜ್ಯೋತಿಷಿಗಳು. ಈಶಾನ್ಯ ಬೆಳೆದಿದೆ ಎಂದರು ವಾಸ್ತುವಿನವರು. ನೀರು ನೋಡುವವನು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನಡೆದ. ಬೇವಿನ ಮರದ ಹತ್ತಿರ ಕಾಯಿ ನೆಟ್ಟಗೆ ಎದ್ದು ನಿಂತಿತು!”

“ವಕೀಲರಿಗೆ?”

“ನಾನೇನು ಜಗಳಕ್ಕೆ ಹೊರಟಿದ್ದೇನೆಯೇ? ತಕರಾರು ಬಂದರೆ ಆಗ ನೋಡೋಣ.”

ರಂಗಪ್ಪ ನಕ್ಕ. ಉಪನೋಂದಣಾಧಿಕಾರಿ ಕಚೇರಿಯ ಎದುರು ಪತ್ರ ಬರೆದೇ ತಲೆ ನರೆತವನು ಅವನು. “ಈಗ ಹೋದರೆ ಕಾಗದ ತೋರಿಸಲು ಹೋಗುತ್ತೀಯ. ಆಮೇಲೆ ಹೋದರೆ ವಾಯಿದೆಗೆ ಹೋಗುತ್ತೀಯ.”

“ಮೂವತ್ತು ವರ್ಷದ ಇ.ಸಿ., ಅದೇ ಋಣಭಾರ ಪತ್ರ, ತೆಗೆಸಿದ್ದೇನಯ್ಯ. ಸಾಲವಿಲ್ಲ, ಸೋಲವಿಲ್ಲ.”

“ಇ.ಸಿ.ಯಲ್ಲಿ ಬರುವುದು ನೋಂದಣಿಯಾದದ್ದು ಮಾತ್ರ. ಬಿಳಿ ಹಾಳೆಯ ಮೇಲೆ ಬರೆದುಕೊಂಡ ಕರಾರು ಅದರಲ್ಲಿ ಇರುವುದಿಲ್ಲ. ಸಿವಿಲ್ ಕೋರ್ಟಿನಲ್ಲಿ ಅಕ್ಕ ಹಾಕಿರುವ ವಿಭಾಗದ ದಾವೆಯೂ ಇರುವುದಿಲ್ಲ. ವಂಶವೃಕ್ಷದಲ್ಲಿ ಎಷ್ಟು ಮಂದಿ ಇದ್ದಾರೆ?”

“ಮೂವರು ಗಂಡುಮಕ್ಕಳು. ಮೂವರೂ ಸಹಿ ಹಾಕುತ್ತಾರೆ.”

“ಹೆಣ್ಣುಮಕ್ಕಳು?”

“ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತಾರಲ್ಲ!”

“ಆ ಗಾದೆಗೆ 2005ರಲ್ಲಿ ತಿದ್ದುಪಡಿಯಾಗಿದೆ,” ಎಂದರು ಮೇಷ್ಟ್ರು. “ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು. ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಆ ವಿವಾದಕ್ಕೂ ತೆರೆ ಎಳೆದಿದೆ.”

ಬಸಣ್ಣ ಸ್ವಲ್ಪ ಕುಗ್ಗಿದ. ಆದರೂ ತುರುಪು ಎಲೆ ಬಾಕಿ ಇತ್ತು. “ಇದು ಪಿತ್ರಾರ್ಜಿತವೇ ಅಲ್ಲ ಎನ್ನಿ. ಅವರ ಅಜ್ಜನಿಗೆ ಸರ್ಕಾರವೇ ಕೊಟ್ಟ ಜಮೀನಂತೆ. ಸರ್ಕಾರವೇ ಕೊಟ್ಟ ಮೇಲೆ ಇನ್ನೇನು ಅನುಮಾನ?”

ಕೂತಿದ್ದ ರಂಗಪ್ಪ ಎದ್ದೇ ನಿಂತ. “ಜಮೀನು ಮಂಜೂರು ಮಾಡಿದ ಸಾಗುವಳಿ ಚೀಟಿ ನೋಡಿದೆಯಾ? ಯಾರಿಗೆ, ಯಾವ ಷರತ್ತಿನ ಮೇಲೆ ಮಂಜೂರಾಯಿತು? ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ 1978ರ ಕಾಯ್ದೆ ಇದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ ಕ್ರಯವೇ ಅಸಿಂಧು. ಜಮೀನು ಅವರಿಗೆ ಹಿಂದಿರುಗುತ್ತದೆ, ನಿನ್ನ ಹಣ ನಿನಗೆ ಹಿಂದಿರುಗುವುದಿಲ್ಲ. ಕೊಂಡು ಬಹಳ ವರ್ಷವಾಯಿತು ಎಂಬ ವಾದಕ್ಕೆ ಬಾಗಿಲು ಹಾಕಲೆಂದೇ 2023ರಲ್ಲಿ ತಿದ್ದುಪಡಿಯೂ ಬಂದಿದೆ.”

ನನಗಂತೂ ಆ ಕಾಯ್ದೆ ನ್ಯಾಯವಾಗಿಯೇ ಕಾಣುತ್ತದೆ. ಬಡವನ ಅನ್ನಕ್ಕೆಂದು ಕೊಟ್ಟ ನೆಲ ಬಸಣ್ಣನ ಮೂರರಷ್ಟಕ್ಕೆ ಇರುವುದಲ್ಲ. ಅವನ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಕೈಗಾರಿಕಾ ಪ್ರದೇಶದ ಮಗ್ಗುಲಿನ ಜಮೀನೇ ನಾಳೆ ಆ ಪ್ರದೇಶದ ಒಳಗೂ ಸೇರಬಹುದು, ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ 28(1)ರಡಿ ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಆಗಿದೆಯೇ ನೋಡು ಎಂದಷ್ಟೇ ಸೇರಿಸಿದೆ. ಅದರಿಂದೇನೂ ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ.

“ಆಯಿತು, ದಲ್ಲಾಳಿಗೆ ಹೇಳುತ್ತೇನೆ. ಅವನ ಪರಿಚಯದ ವಕೀಲರೇ ಇದ್ದಾರೆ, ಫೀಸೂ ಬೇಡವಂತೆ.”

“ಗಂಡು ಹೇಗೆ ಎಂದು ಗಂಡಿನ ಸೋದರಮಾವನನ್ನೇ ವಿಚಾರಿಸಿದ ಹಾಗೆ!” ಎಂದರು ಮೇಷ್ಟ್ರು. “ನೀನು ಫೀಸು ಕೊಡುವ ವಕೀಲರನ್ನು ಹಿಡಿ. ತೆಂಗಿನಕಾಯಿಗೆ ಎಷ್ಟು ಕೊಟ್ಟೆ?”

ಬಸಣ್ಣ ಮೊತ್ತ ಹೇಳಲಿಲ್ಲ. ಮೊಬೈಲ್ ತೆಗೆದು ದಲ್ಲಾಳಿಗೆ ಕರೆ ಮಾಡಿ ಮೂಲಪತ್ರ, ಸಾಗುವಳಿ ಚೀಟಿ, ಮ್ಯುಟೇಶನ್ ಎಲ್ಲದರ ಜೆರಾಕ್ಸ್ ಕೇಳಿದ. ಆಚೆಯ ದನಿ ನಮಗೂ ಕೇಳಿಸಿತು: “ಅಷ್ಟೆಲ್ಲ ಕಾಯಲು ಆಗುವುದಿಲ್ಲ ಸಾರ್. ಇನ್ನೊಂದು ಪಾರ್ಟಿ ಹಣ ಹಿಡಿದುಕೊಂಡು ನಿಂತಿದೆ.”

“ಆ ಪಾರ್ಟಿಗೆ ನಮ್ಮೆಲ್ಲರ ಸಂತಾಪ ತಿಳಿಸಲು ಹೇಳು,” ಎಂದ ರಂಗಪ್ಪ.