ಒಂದೇ ಪೋರ್ಚುಗೀಸ್ ಜನ ಹೊರಗಿನವರಿಗೆ ಇಷ್ಟು ಬಗೆಯಾಗಿ ಕಾಣುವುದೇಕೆ?

ಮಲೆನಾಡಿಗ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನ್ನ ಮಗ ಬರುವ ಸೆಪ್ಟೆಂಬರಿನಲ್ಲಿ ಹೆಚ್ಚಿನ ಓದಿಗಾಗಿ ಪೋರ್ಚುಗಲ್ಲಿನ ಕೊಯಿಂಬ್ರಾಕ್ಕೆ ಹೋಗುವವನಿದ್ದಾನೆ. ಆ ನೆಪದಲ್ಲಿ ಆ ದೇಶದ ಬಗ್ಗೆ ಹೊರಗಿನವರು ಬರೆದದ್ದನ್ನು ಕೆಲವು ತಿಂಗಳಿಂದ ಓದುತ್ತಿದ್ದೇನೆ. ಪ್ರವಾಸಿಗರ ಬರಹಗಳಲ್ಲಿ ಹೆಚ್ಚುಕಡಿಮೆ ಒಂದೇ ರಾಗ ಕೇಳಿಸುತ್ತದೆ: ಸಾಧು ಜನ, ಒಳಗೊಳಗೇ ಏನೋ ವಿಷಾದ, ಫಾದು ಎಂಬ ಅಳಲಿನ ಸಂಗೀತ, ಯಾವ ಭಾಷೆಗೂ ಅನುವಾದವಾಗದು ಎನ್ನುವ ‘ಸೌದಾದೆ’ (ಅಗಲಿದ್ದಕ್ಕಾಗಿ ಹಂಬಲ) ಎಂಬ ಪದ, ಅಗ್ಗದ ಊಟ, ಒಳ್ಳೆಯ ಬಿಸಿಲು. ಆದರೆ ನನ್ನ ಕಚೇರಿಯ ಬ್ರೆಜಿಲ್ ಸಹೋದ್ಯೋಗಿಯ ಬಾಯಲ್ಲಿ ಪೋರ್ಚುಗೀಸನೆಂದರೆ ನಗೆಹನಿಯಲ್ಲಿ ಬರುವ ದಡ್ಡ. ಪ್ಯಾರಿಸ್ಸಿನಲ್ಲಿ ಬೆಳೆದ ಇನ್ನೊಬ್ಬರಿಗೆ ಪೋರ್ಚುಗೀಸರೆಂದೊಡನೆ ನೆನಪಾಗುವುದು ತಮ್ಮ ಕಟ್ಟಡವನ್ನು ನೋಡಿಕೊಳ್ಳುತ್ತಿದ್ದ ಹೆಂಗಸು. ನಾನು ಶಾಲೆಯಲ್ಲಿ ಓದಿದ್ದಂತೂ ಹಡಗು, ಫಿರಂಗಿ ಮತ್ತು ಮತಾಂತರ. ಕೋಟಿಯ ಆಸುಪಾಸಿನಷ್ಟು ಜನಸಂಖ್ಯೆಯ ಒಂದು ಸಣ್ಣ ದೇಶದ ಬಗ್ಗೆ ಒಂದಕ್ಕೊಂದು ತಾಳೆಯೇ ಆಗದ ಇಷ್ಟೊಂದು ಚಿತ್ರಗಳು ಹೇಗೆ ಹುಟ್ಟಿಕೊಂಡವು, ಇವುಗಳಲ್ಲಿ ಯಾವುದನ್ನು ನಂಬಿ ಮಗನಿಗೆ ನಾಲ್ಕು ಮಾತು ಹೇಳಲಿ ಎಂಬುದು ನನ್ನ ಪ್ರಶ್ನೆ. ಅಲ್ಲಿ ಇದ್ದು ಬಂದವರು ಬರೆದರೆ ಉಪಕಾರವಾಗುತ್ತದೆ.

ದೋರು ದಂಡೆ:

ಒಂಬತ್ತು ವರ್ಷದಿಂದ ಪೋರ್ಟೊ ನಗರದಲ್ಲಿದ್ದೇನೆ. ಮೊದಲು ಬ್ರೆಜಿಲ್ಲಿನ ವಿಷಯ ಹೇಳುತ್ತೇನೆ, ಏಕೆಂದರೆ ನಿಮ್ಮ ಸಹೋದ್ಯೋಗಿಯ ನಗೆಹನಿಗಳಿಗೆ ದೊಡ್ಡ ಚರಿತ್ರೆಯೇ ಇದೆ. 1822ರಲ್ಲಿ ಬ್ರೆಜಿಲ್ ಸ್ವತಂತ್ರವಾದ ಮೇಲೂ ಪೋರ್ಚುಗಲ್ಲಿನ ಉತ್ತರ ಭಾಗದ ಬಡ ರೈತರ ಮಕ್ಕಳು ಹೊಟ್ಟೆಪಾಡಿಗಾಗಿ ಹಡಗು ಹತ್ತಿ ರಿಯೊ ಕಡೆಗೆ ಹೋಗುವುದು ನಿಲ್ಲಲಿಲ್ಲ. ಅಲ್ಲಿ ಅವರು ಮೂಲೆ ಅಂಗಡಿ ಇಟ್ಟರು, ಬ್ರೆಡ್ಡು ಸುಟ್ಟರು, ಅಂಗಡಿಯ ಹಿಂದೆಯೇ ಮಲಗಿ ಕಾಸು ಕೂಡಿಟ್ಟರು. ಉದ್ದರಿ ಕೊಡುವ ಅಂಗಡಿಯವನನ್ನು ಊರಿನವರು ಬೆನ್ನ ಹಿಂದೆ ಗೇಲಿ ಮಾಡುವುದು ನಮಗೂ ಹೊಸದಲ್ಲವಷ್ಟೆ. ಆತ ಒಂದು ಕಾಲದ ದೊರೆಯ ನಾಡಿನವನೂ ಆಗಿದ್ದರೆ ಗೇಲಿಗೆ ಇನ್ನಷ್ಟು ರುಚಿ ಬರುತ್ತದೆ. ಆ ನಗೆಹನಿಗಳ ಮನುವೆಲ್, ಜೊಆಕಿಂ ಎಂಬ ಪಾತ್ರಗಳು ಬಂದದ್ದು ಆ ಅಂಗಡಿಗಳಿಂದ. ಈಗ ಕಾಲ ತಿರುಗಿದೆ. ಪೋರ್ಚುಗಲ್ಲಿನಲ್ಲಿರುವ ವಿದೇಶೀಯರಲ್ಲಿ ಬ್ರೆಜಿಲ್ಲಿನವರೇ ಎಲ್ಲರಿಗಿಂತ ಹೆಚ್ಚು, ನಾನು ಬೆಳಿಗ್ಗೆ ಕಾಫಿ ಕುಡಿಯುವ ಬೇಕರಿಯಲ್ಲಿ ಬ್ರೆಡ್ಡು ಕೊಡುವವರೂ ಅವರೇ.

ವಿಷಾದದ ಮಾತಿಗೆ ಬಂದರೆ, ಅದರಲ್ಲಿ ಅರ್ಧ ಪಾಲು ಕಿವಿಯ ಕೆಲಸ ಎಂದು ನನ್ನ ಅನಿಸಿಕೆ. ಇಲ್ಲಿಯವರು ಮಾತನಾಡುವಾಗ ಒತ್ತು ಬೀಳದ ಸ್ವರಗಳನ್ನು ನುಂಗುತ್ತಾರೆ. ನೀವು ‘ಸೌದಾದೆ’ ಎಂದು ಬರೆದ ಪದ ಇಲ್ಲಿ ‘ಸೌದಾದ್’ ಎಂದಷ್ಟೇ ಕೇಳಿಸುತ್ತದೆ, ಬ್ರೆಜಿಲ್ಲಿನಲ್ಲಿ ಅದೇ ಪದ ‘ಸೌದಾಜಿ’ ಎಂದು ಬಾಯಿ ತುಂಬಿ ಬರುತ್ತದೆ. ಹೊಸದಾಗಿ ಬಂದವರು ಇದನ್ನು ರಷ್ಯನ್ ಎಂದುಕೊಂಡ ಪ್ರಸಂಗಗಳು ಎಷ್ಟೋ ಇವೆ. ಪಕ್ಕದ ಸ್ಪೇನಿನವರ ಗಟ್ಟಿ ದನಿ ಕೇಳಿ ಬಂದವರಿಗೆ ಈ ಜನ ಸಣ್ಣ ದನಿಯವರಾಗಿ, ಏನೋ ಕೊರಗು ಇಟ್ಟುಕೊಂಡವರಾಗಿ ಕಾಣುವುದು ಸಹಜ. ಫಾದು ಯುನೆಸ್ಕೊ ಪಟ್ಟಿಗೆ ಸೇರಿದ್ದು 2011ರಲ್ಲಿ. ಅದೇ ವರ್ಷ ಸರ್ಕಾರ ದಿವಾಳಿಯ ಅಂಚಿಗೆ ಬಂದು 78 ಶತಕೋಟಿ ಯೂರೊ ನೆರವು ಪಡೆಯಬೇಕಾಯಿತು. ಹಾಗಾಗಿ ಆ ವರ್ಷ ಇಲ್ಲಿಗೆ ಬಂದ ಪತ್ರಕರ್ತರಿಗೆ ಶೀರ್ಷಿಕೆ ಹುಡುಕುವ ಶ್ರಮವೇ ಇರಲಿಲ್ಲ. ಇನ್ನು ಸ್ಪೇನ್ ಮತ್ತು ಪೋರ್ಚುಗಲ್ ಒಂದೇ ಎಂದುಕೊಳ್ಳುವ ಹೊರಗಿನವರ ಬಗ್ಗೆ ಇಲ್ಲಿಯವರಿಗಿರುವ ಸಿಟ್ಟನ್ನು ಮಗನಿಗೆ ಮೊದಲೇ ತಿಳಿಸಿ. ಈ ಎರಡು ದೇಶಗಳ ಗಡಿ 1297ರ ಒಪ್ಪಂದದಿಂದ ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ಸ್ಪೇನಿನ ದೊರೆಗಳು ಆಳಿದ 1580ರಿಂದ 1640ರವರೆಗಿನ ಅರವತ್ತು ವರ್ಷ ಮುಗಿದದ್ದಕ್ಕೆ ಡಿಸೆಂಬರ್ 1ರಂದು ಇಂದಿಗೂ ಸರ್ಕಾರಿ ರಜೆ ಇದೆ. ಸ್ಪೇನಿನಿಂದ ಒಳ್ಳೆಯ ಗಾಳಿಯೂ ಬಾರದು, ಒಳ್ಳೆಯ ಸಂಬಂಧವೂ ಕುದುರದು ಎಂಬುದು ಇಲ್ಲಿಯ ಗಾದೆ.

ಆಲ್ಜೆಟ್ ಕನ್ನಡತಿ:

ನಾನಿರುವುದು ಲಕ್ಸೆಂಬರ್ಗಿನಲ್ಲಿ. ಇಲ್ಲಿಯ ನಿವಾಸಿಗಳಲ್ಲಿ ಸುಮಾರು ಏಳು ಮಂದಿಗೆ ಒಬ್ಬರು ಪೋರ್ಚುಗೀಸ್ ಪೌರರು. ಆದ್ದರಿಂದ ನಾನು ಆ ದೇಶವನ್ನು ನೋಡುವ ಮೊದಲೇ ಆ ಜನರನ್ನು ಕಂಡವಳು. ನಮ್ಮ ಮನೆಯ ಗಾರೆ ಕೆಲಸ ಮಾಡಿದವರು, ಮಗಳ ತರಗತಿಯ ಮೂರು ಮಕ್ಕಳು, ಆಸ್ಪತ್ರೆಯ ದಾದಿ ಎಲ್ಲರೂ ಅವರೇ. ಪ್ಯಾರಿಸ್ಸಿನ ಆ ಕಟ್ಟಡದ ಹೆಂಗಸಿನ ಕಥೆಯನ್ನು ಇಲ್ಲಿಂದ ಚೆನ್ನಾಗಿ ಅರ್ಥ ಮಾಡಿಕೊಳ್ಳಬಹುದು.

1960ರ ದಶಕದಲ್ಲಿ ಸಲಜಾರ್‌ನ ಸರ್ವಾಧಿಕಾರವಿದ್ದಾಗ ಹಳ್ಳಿಗಳಲ್ಲಿ ಬಡತನ ವಿಪರೀತವಾಗಿತ್ತು, 1961ರಿಂದ ಆಫ್ರಿಕದ ವಸಾಹತುಗಳಲ್ಲಿ ಯುದ್ಧ ಆರಂಭವಾಗಿ ಗಂಡುಮಕ್ಕಳನ್ನು ಕಡ್ಡಾಯವಾಗಿ ಸೈನ್ಯಕ್ಕೆ ಕರೆಯುತ್ತಿದ್ದರು. ಪಾಸ್‌ಪೋರ್ಟ್ ಸುಲಭಕ್ಕೆ ಸಿಗುತ್ತಿರಲಿಲ್ಲ. ಲಕ್ಷಾಂತರ ಜನ ಸ್ಪೇನಿನ ಮೂಲಕ ಕದ್ದುಮುಚ್ಚಿ, ಪಿರಿನೀಸ್ ಪರ್ವತಗಳನ್ನು ದಾಟಿ ಫ್ರಾನ್ಸ್ ಸೇರಿದರು. ಈ ದಾಟುವಿಕೆಗೆ ಅವರು ಕೊಟ್ಟ ಹೆಸರು ‘ಸಾಲ್ತು’, ಅಂದರೆ ಜಿಗಿತ. ಹೊರಡುವವನು ತನ್ನ ಭಾವಚಿತ್ರವನ್ನು ಎರಡಾಗಿ ಹರಿದು ಅರ್ಧವನ್ನು ಮನೆಯವರ ಕೈಯಲ್ಲಿಟ್ಟು ಹೋಗುತ್ತಿದ್ದ. ಕ್ಷೇಮವಾಗಿ ತಲುಪಿದ ಮೇಲೆ ಇನ್ನರ್ಧ ಊರಿಗೆ ಬರುತ್ತಿತ್ತು, ಎರಡು ತುಂಡುಗಳು ಕೂಡಿಕೊಂಡರೆ ಮಾತ್ರ ದಾಟಿಸಿದವನಿಗೆ ಉಳಿದ ಹಣ ಸಲ್ಲುತ್ತಿತ್ತು. ಹೀಗೆ ಬಂದವರು ಪ್ಯಾರಿಸ್ಸಿನ ಹೊರವಲಯದ ಕೆಸರಿನಲ್ಲಿ ತಗಡಿನ ಜೋಪಡಿ ಹಾಕಿಕೊಂಡು ಗಂಡಸರು ಕಟ್ಟಡದ ಕೂಲಿಗೆ, ಹೆಂಗಸರು ಮನೆಗೆಲಸಕ್ಕೆ, ಕಟ್ಟಡ ಕಾಯುವ ಕೆಲಸಕ್ಕೆ ಹೋದರು. ಫ್ರೆಂಚರು ಅವರನ್ನು ‘ಒಳ್ಳೆಯ ಕೆಲಸಗಾರರು, ತಂಟೆ ಮಾಡದವರು’ ಎಂದು ಹೊಗಳುತ್ತಾರೆ. ಈ ಹೊಗಳಿಕೆ ನನಗೇಕೋ ಹಿಡಿಸುವುದಿಲ್ಲ. ಕಾಗದಪತ್ರವಿಲ್ಲದೆ ಬಂದವನು ತಂಟೆ ಮಾಡುವುದಾದರೂ ಹೇಗೆ?

ಆಗಸ್ಟ್ ತಿಂಗಳಲ್ಲಿ ಇವರೆಲ್ಲ ಕಾರು ತುಂಬಿಕೊಂಡು ಊರಿಗೆ ಹೋಗುತ್ತಾರೆ. ಮಾತಿನ ಮಧ್ಯೆ ಫ್ರೆಂಚ್ ನುಸುಳುತ್ತದೆಂದು ಊರಿನವರು ಇವರಿಗೆ ‘ಅವೆಕ್’ ಎಂದು ಅಡ್ಡಹೆಸರಿಟ್ಟಿದ್ದಾರೆ. ಫ್ರೆಂಚಿನಲ್ಲಿ ಅದಕ್ಕೆ ‘ಜೊತೆ’ ಎಂದರ್ಥ. ಸ್ವಂತ ಊರಿನಲ್ಲೇ ಹೊರಗಿನವರಾದ ಇವರು ಪೋರ್ಚುಗಲ್ಲನ್ನು ನೋಡುವ ಬಗೆಯನ್ನೂ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ.

ಉಳ್ಳಾಲದ ಮೇಷ್ಟ್ರು:

ಚರ್ಚೆ ಚೆನ್ನಾಗಿ ಸಾಗಿದೆ. ಆದರೆ ‘ಸಾಧು ಜನ’ ಎಂಬ ಮಾತನ್ನು ಯಾರೂ ಪ್ರಶ್ನಿಸದೆ ಬಿಟ್ಟದ್ದು ಇತಿಹಾಸ ಪಾಠ ಮಾಡಿ ನಿವೃತ್ತನಾದ ನನಗೆ ಸರಿಕಾಣಲಿಲ್ಲ. ಪೋರ್ಚುಗೀಸರಿಗೆ ನಾವೂ ಹೊರಗಿನವರೇ, ನಮಗೆ ಕಂಡ ಚಿತ್ರ ನಮ್ಮ ಪದಗಳಲ್ಲಿಯೇ ಉಳಿದಿದೆ. ಫಿರಂಗಿ, ಪರಂಗಿ ಎಂಬ ಪದಗಳು ಯುರೋಪಿನವರನ್ನೆಲ್ಲ ಫ್ರಾಂಕರೆಂದು ಕರೆದ ಅರಬ್ಬರ ಕಡೆಯಿಂದ ಬಂದವಾದರೂ, ನಮ್ಮ ಕರಾವಳಿಯಲ್ಲಿ ಅವು ಮೊದಲು ಅಂಟಿಕೊಂಡದ್ದು ಪೋರ್ಚುಗೀಸರಿಗೆ. ಕನ್ನಡದಲ್ಲಿ ಫಿರಂಗಿ ಎಂದರೆ ತೋಪು, ಪರಂಗಿ ಎಂದರೆ ಹಣ್ಣು, ಪರಂಗಿ ಹುಣ್ಣು ಎಂದರೆ ಲೈಂಗಿಕ ರೋಗ. ಕಡಲಿನಿಂದ ಬಂದವರು ತಂದಿಳಿಸಿದ ಸರಕಿನ ಪಟ್ಟಿಯನ್ನು ನಮ್ಮ ಹಿರಿಯರು ಇಷ್ಟು ಚಿಕ್ಕದಾಗಿ ಬರೆದಿಟ್ಟಿದ್ದಾರೆ. 1510ರಲ್ಲಿ ಗೋವೆಯನ್ನು ಹಿಡಿದದ್ದು, 1560ರಲ್ಲಿ ಅಲ್ಲಿ ಧರ್ಮವಿಚಾರಣೆಯ ನ್ಯಾಯಪೀಠ ಕೂತದ್ದು, ನಮ್ಮ ಅಬ್ಬಕ್ಕ ಅವರೊಡನೆ ಕಾದಾಡಿದ್ದು ಸಾಧುತನದ ಲೆಕ್ಕಕ್ಕೆ ಬರುವುದಿಲ್ಲ. ಹಾಗೆಂದು ನಾನು ಅವರ ಋಣವನ್ನು ಮರೆಯುವುದೂ ಇಲ್ಲ. ವಿಜಯನಗರದ ವೈಭವವನ್ನು ನಾವು ಇಂದು ಓದಿ ಹೆಮ್ಮೆ ಪಡುವುದು ಬಹುಪಾಲು ಪಯೆಸ್ ಮತ್ತು ನೂನಿಜ್ ಎಂಬ ಇಬ್ಬರು ಪೋರ್ಚುಗೀಸರು ಬರೆದಿಟ್ಟದ್ದರಿಂದ.

ಹೊರಗಿನವನೊಬ್ಬ ಅವರನ್ನು ಹತ್ತಿರದಿಂದ ಕಂಡ ಹಳೆಯ ಉದಾಹರಣೆಯೊಂದು ನಮ್ಮ ನೆಲಕ್ಕೇ ಸಂಬಂಧಪಟ್ಟಿದೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ 1623ರಲ್ಲಿ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದಿದ್ದ. ಗೋವೆಯ ಪೋರ್ಚುಗೀಸರು ಹೊರಗೆ ಡೌಲು ತೋರಿಸುತ್ತಾ ಮನೆಯೊಳಗೆ ಬಡತನವನ್ನು ಗುಟ್ಟಾಗಿ ಅನುಭವಿಸುತ್ತಾರೆ, ಎಲ್ಲರಿಗೂ ಕುಲೀನರೆನಿಸಿಕೊಳ್ಳುವ ಹಂಬಲ ಎಂಬ ಅರ್ಥದ ಮಾತನ್ನು ಆತ ಬರೆದಿದ್ದಾನೆ. ಡಚ್ಚರು, ಇಂಗ್ಲಿಷರು ಕಡಲ ವ್ಯಾಪಾರವನ್ನು ಕಸಿದುಕೊಳ್ಳುತ್ತಿದ್ದ ಕಾಲವದು.

ದೋರು ದಂಡೆ:

ಮೇಷ್ಟ್ರ ಆಕ್ಷೇಪವನ್ನು ಒಪ್ಪಿದೆ. ಸಾಧುತನದ ಆ ಚಿತ್ರವನ್ನು ಸರ್ಕಾರವೇ ಪೋಷಿಸಿದ್ದಕ್ಕೆ ದಾಖಲೆ ಇದೆ. ಸಲಜಾರ್ 1933ರಲ್ಲಿ ಪ್ರಚಾರ ಇಲಾಖೆಯೊಂದನ್ನು ತೆರೆದು ಅಂತೋನಿಯು ಫೆರ್ರು ಎಂಬ ಪತ್ರಕರ್ತನನ್ನು ಅದರ ಮೇಲೆ ಕೂರಿಸಿದ. 1938ರಲ್ಲಿ ಆ ಇಲಾಖೆ ‘ಪೋರ್ಚುಗಲ್ಲಿನ ಅತ್ಯಂತ ಪೋರ್ಚುಗೀಸ್ ಹಳ್ಳಿ’ ಯಾವುದೆಂದು ಸ್ಪರ್ಧೆ ನಡೆಸಿತು. ಗೆದ್ದದ್ದು ಬಂಡೆಗಳ ನಡುವೆ ಕಟ್ಟಿದ ಮೊನ್ಸಾಂತು, ಬಹುಮಾನ ಬೆಳ್ಳಿಯ ಹುಂಜ. ಇಂದು ಪ್ರತಿ ಅಂಗಡಿಯಲ್ಲಿ ಮಾರುವ ಬಣ್ಣದ ಬಾರ್ಸೆಲುಶ್ ಹುಂಜ ದೇಶದ ಗುರುತಾಗಿ ಬೆಳೆದದ್ದೂ ಅದೇ ಆಳ್ವಿಕೆಯ ಪ್ರವಾಸ ಪ್ರಚಾರದಿಂದ. ‘ನಮ್ಮದು ಮೃದುವಾದ ನಡವಳಿಕೆಯ ನಾಡು’ ಎಂಬ ಮಾತು ಪುನಃಪುನಃ ಕೇಳಿಬರುತ್ತಿದ್ದಾಗಲೇ ಅಂಗೋಲ, ಗಿನಿ, ಮೊಜಾಂಬಿಕ್‌ಗಳಲ್ಲಿ ಹದಿಮೂರು ವರ್ಷ ಯುದ್ಧ ನಡೆಯಿತು. 1974ರ ಏಪ್ರಿಲ್ 25ರಂದು ಸೈನಿಕರೇ ಆ ಆಳ್ವಿಕೆಯನ್ನು ಕೆಡವಿದರು. ಅವರ ಕೋವಿಯ ಬಾಯಿಗೆ ಜನ ಕೆಂಪು ಕಾರ್ನೇಷನ್ ಹೂ ಸಿಕ್ಕಿಸಿದ ಚಿತ್ರ ಲೋಕವನ್ನು ಸುತ್ತಿ ಬಂದ ಮೇಲೆ ಹೊರಗಿನವರ ಬಾಯಲ್ಲಿ ‘ಸಾಧು’ ಪದ ಇನ್ನಷ್ಟು ಭದ್ರವಾಯಿತು.

ಇಂಗ್ಲಿಷರನ್ನು ಬಿಟ್ಟರೆ ಈ ಚರ್ಚೆ ಅರ್ಧವಾಗುತ್ತದೆ. 1386ರ ವಿಂಡ್ಸರ್ ಒಪ್ಪಂದದಿಂದ ಇವರಿಬ್ಬರೂ ಮಿತ್ರರು. 1703ರ ಒಪ್ಪಂದವೊಂದು ಇಂಗ್ಲೆಂಡಿನ ಉಣ್ಣೆ ಬಟ್ಟೆಗೆ ಇಲ್ಲಿ ಬಾಗಿಲು ತೆರೆದು, ಇಲ್ಲಿಯ ದ್ರಾಕ್ಷಾರಸಕ್ಕೆ ಅಲ್ಲಿ ಸುಂಕ ಇಳಿಸಿತು. ನನ್ನ ಕಿಟಕಿಯಿಂದ ಕಾಣುವ, ದೋರು ನದಿಯ ಆಚೆ ದಡದ ದ್ರಾಕ್ಷಾರಸದ ಉಗ್ರಾಣಗಳ ಮೇಲೆ ಇಂದಿಗೂ ಇಂಗ್ಲಿಷ್ ಮನೆತನಗಳ ಹೆಸರುಗಳಿವೆ. ಇಷ್ಟಾದರೂ 1809ರಲ್ಲಿ ಲಿಸ್ಬನ್ನಿಗೆ ಬಂದ ಕವಿ ಬೈರನ್ ಸಿಂತ್ರಾದ ಬೆಟ್ಟವನ್ನು ಸ್ವರ್ಗಕ್ಕೆ ಹೋಲಿಸಿ, ಅದೇ ಕಾವ್ಯದಲ್ಲಿ ಆ ನಾಡಿನ ಜನರನ್ನು ಕೊಳಕರೆಂದು, ಗುಲಾಮರೆಂದು ಹಳಿದ. ನಾಡು ಚಂದ, ಜನ ಸಾಲದು ಎಂಬ ಈ ಧಾಟಿ ಆತನ ನಂತರವೂ ಬಹಳ ಕಾಲ ನಡೆಯಿತು. ಪೋರ್ಚುಗೀಸ್ ಭಾಷೆಯಲ್ಲಿ ಬರಿಯ ತೋರಿಕೆಗೆ ಮಾಡುವ ಕೆಲಸಕ್ಕೆ ‘ಇಂಗ್ಲಿಷರು ನೋಡಲೆಂದು’ ಮಾಡಿದ್ದು ಎನ್ನುವ ನುಡಿಗಟ್ಟಿದೆ. ಇಂಗ್ಲೆಂಡಿನ ಒತ್ತಡಕ್ಕೆ ಮಣಿದು ಬ್ರೆಜಿಲ್ 1831ರಲ್ಲಿ ಗುಲಾಮರ ಸಾಗಣೆಯನ್ನು ನಿಷೇಧಿಸಿ, ಆ ಕಾನೂನನ್ನು ಜಾರಿಗೆ ತಾರದೆ ಬಿಟ್ಟದ್ದರಿಂದ ಅದು ಹುಟ್ಟಿತೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಲಿಸ್ಬನ್ನಿನ ಅಲ್ಫಾಮಾ ಕೇರಿಯ ಇಂದಿನ ಸ್ಥಿತಿಗೂ ಅದು ಒಪ್ಪುತ್ತದೆ. ಹಂಚಿನ ಗೋಡೆ, ಹಳದಿ ಟ್ರಾಮ್ ಎಲ್ಲವೂ ಇವೆ, ಹಳೆಯ ಬಾಡಿಗೆದಾರರು ಒಬ್ಬೊಬ್ಬರಾಗಿ ಖಾಲಿ ಮಾಡುತ್ತಿದ್ದಾರೆ. 2024ರಲ್ಲಿ ಇಲ್ಲಿಯ ಕನಿಷ್ಠ ಮಾಸಿಕ ವೇತನ 820 ಯೂರೊ, ಆ ನಗರದಲ್ಲಿ ಒಂದು ಕೋಣೆಯ ಮನೆಗೆ ಅದಕ್ಕಿಂತ ಹೆಚ್ಚು ಬಾಡಿಗೆ ಕೇಳುತ್ತಾರೆ. ಹೊರಗಿನವರು ಬರೆಯುವ ‘ಅಗ್ಗದ ದೇಶ’ ಯಾರಿಗೆ ಅಗ್ಗ ಎಂದು ನಿಮ್ಮ ಮಗನೇ ನೋಡಿಕೊಳ್ಳಲಿ.

ಮಲೆನಾಡಿಗ:

ಎಲ್ಲರಿಗೂ ಕೃತಜ್ಞತೆಗಳು. ಅಂಗಡಿಯವನಾಗಿ, ಗಾರೆಯವನಾಗಿ, ಫಿರಂಗಿಯವನಾಗಿ, ದ್ರಾಕ್ಷಾರಸ ಮಾರುವವನಾಗಿ ಯಾವ ಕೆಲಸಕ್ಕೆ ಎದುರಾದರೋ ಆ ಕೆಲಸವೇ ಅಲ್ಲಲ್ಲಿ ಅವರ ಗುಣವೆನಿಸಿಕೊಂಡಿತು ಎಂದು ತಿಳಿದುಕೊಂಡೆ. ಇನ್ನೊಂದೇ ಪ್ರಶ್ನೆ. ‘ನಿಮ್ಮ ಕಡೆ ನಮ್ಮ ಬಗ್ಗೆ ಏನನ್ನುತ್ತಾರೆ’ ಎಂದು ಅಲ್ಲಿಯವರು ಕೇಳಿದರೆ ಮಗ ಏನೆನ್ನಬೇಕು?

ದೋರು ದಂಡೆ:

ಖಂಡಿತ ಕೇಳುತ್ತಾರೆ. ‘ಲಾ ಫೋರಾ’, ಎಂದರೆ ಅಲ್ಲಿ ಹೊರಗೆ, ತಮ್ಮ ಬಗ್ಗೆ ಏನು ಮಾತು ನಡೆದಿದೆ ಎಂಬ ಕುತೂಹಲ ಇಲ್ಲಿಯ ಪತ್ರಿಕೆಗಳಿಗೂ ಇದೆ, ಚಹಾದಂಗಡಿಗೂ ಇದೆ. ತಮ್ಮ ದೇಶವನ್ನು ತಾವೇ ಧಾರಾಳವಾಗಿ ಬೈದುಕೊಳ್ಳುತ್ತಾರೆ. ಆಗ ಹೊರಗಿನವನು ದನಿಗೂಡಿಸದೆ ಸುಮ್ಮನೆ ಕೇಳಿಸಿಕೊಳ್ಳುವುದು ಲೇಸು. ಮೊದಲ ದಿನ ಮನೆಯೊಡತಿ ಬೀಗದ ಕೈಯನ್ನು ಕೊಡುವಾಗ ಅದನ್ನು ‘ಶಾವ್’ ಎನ್ನುತ್ತಾರೆ. ಧಾರವಾಡದ ಕಡೆ ಅದಕ್ಕೆ ಚಾವಿ ಎನ್ನುತ್ತಾರೆ, ಅದನ್ನು ಇಡುವ ಮೇಜಿಗೆ ಕರ್ನಾಟಕದಲ್ಲೆಲ್ಲ ಮೇಜೆಂದೇ ಹೆಸರು, ಎರಡೂ ನಿಮ್ಮವರಿಂದ ಬಂದವು ಎಂದು ಆತ ಹೇಳಲಿ. ನಾನು ಹೇಳಿದ ದಿನ ನಮ್ಮ ಮನೆಯೊಡತಿ ಒಳಗೆ ಹೋಗಿ ಗಂಡನನ್ನು ಕರೆತಂದು, ಇನ್ನೊಮ್ಮೆ ಹೇಳಿಸಿದ್ದರು.