3 ಕಿಲೋವ್ಯಾಟ್ ತಾರಸಿ ಸೋಲಾರ್: ಎಲ್ಲಿ ದುಡ್ಡು ಉಳಿಸಬಹುದು, ಎಲ್ಲಿ ಕೂಡದು?

ಬೆಣ್ಣೆನಗರಿ:
ದಾವಣಗೆರೆ, 30×40 ಸೈಟಿನ ಮನೆ, ಸಿಂಗಲ್ ಫೇಸ್. ತಿಂಗಳಿಗೆ 300ರಿಂದ 340 ಯೂನಿಟ್ ಓಡುತ್ತದೆ. ಟ್ಯಾಂಕ್ ವಾಸ್ತು ಪ್ರಕಾರ ನೈಋತ್ಯ ಮೂಲೆಯಲ್ಲಿದೆ, ಸ್ಟ್ಯಾಂಡ್ ಸೇರಿ 8 ಅಡಿ ಎತ್ತರ. ನೆರಳು ತಪ್ಪಿಸಲು ಪ್ಯಾನೆಲ್ ಹೊರುವ 9 ಅಡಿ ಸ್ಟ್ರಕ್ಚರ್ ಬೇಕೇಬೇಕು ಎಂದು ಒಬ್ಬರ ಕೊಟೇಶನ್. ತಗ್ಗಿನದೇ ಸಾಕು ಎಂದು ಇನ್ನೊಬ್ಬರದು. ಯಾವುದು ಸರಿ? ಇನ್ವರ್ಟರ್ ತಾರಸಿಯಲ್ಲೋ, ಕೆಳಗೆ ಮೀಟರ್ ಪಕ್ಕದಲ್ಲೋ?

ಬಿಸಿಲುಮಾಳಿಗೆ:
ತಗ್ಗಿನದೇ ಸರಿ, ಆದರೆ ಜಾಗ ನೋಡಿ ಕೂರಿಸಬೇಕು. ಡಿಸೆಂಬರ್‌ನಲ್ಲಿ ಮಧ್ಯಾಹ್ನ 3 ಗಂಟೆಗೆ ನಿಮ್ಮ ಟ್ಯಾಂಕಿನ ನೆರಳು ಈಶಾನ್ಯಕ್ಕೆ ಸುಮಾರು 11 ಅಡಿ ಚಾಚುತ್ತದೆ. ಪ್ಯಾನೆಲ್‌ಗಳನ್ನು ತಾರಸಿಯ ನಡುವೆ ಇಟ್ಟರೆ ಸಿಕ್ಕಿಬೀಳುತ್ತವೆ. ಆಗ್ನೇಯಕ್ಕೆ ಸರಿಸಿದರೆ ನೆರಳು ಪಕ್ಕದಲ್ಲೇ ಹಾದುಹೋಗುತ್ತದೆ. ಅದಕ್ಕಾಗಿ ಕಬ್ಬಿಣ ಸುರಿಯಬೇಕಿಲ್ಲ. ಪ್ಯಾರಪೆಟ್‌ನಿಂದ 3 ಅಡಿ ಬಿಡಿ, ಅದರ ನೆರಳೂ ಲೆಕ್ಕಕ್ಕೆ ಬರುತ್ತದೆ.

540 ವ್ಯಾಟ್‌ನ 6 ಪ್ಯಾನೆಲ್, 3ರಂತೆ ಎರಡು ಸಾಲು, ದಕ್ಷಿಣಕ್ಕೆ ಮುಖ, 12 ಡಿಗ್ರಿ ಓರೆ. ಮುಂದಿನ ಕಾಲು 1 ಅಡಿ, ಹಿಂದಿನದು ಎರಡೂವರೆ ಅಡಿ, ಸಾಲುಗಳ ನಡುವೆ ಎರಡೂವರೆ ಅಡಿ. ಹಪ್ಪಳ, ಬಟ್ಟೆ ಒಣಗಿಸಲು ಕೆಳಗಿನ ಜಾಗ ಬೇಕೇಬೇಕು ಎಂದಾದರೆ ಮಾತ್ರ ಎತ್ತರದ್ದಕ್ಕೆ ಕೈ ಹಾಕಿ. ಆಗ ಗಾಳಿ ಹೊಡೆತಕ್ಕೆ ಪೈಪೂ ಬುನಾದಿಯೂ ಎರಡೂ ದಪ್ಪ ಬೇಕು.

ಸ್ಲ್ಯಾಬಿಗೆ ಡ್ರಿಲ್ ಹೊಡೆಯಲು ಬಿಡಬೇಡಿ. ಆ್ಯಂಕರ್ ಬೋಲ್ಟ್ ಸುತ್ತ ವಾಟರ್‌ಪ್ರೂಫಿಂಗ್ ಒಡೆದರೆ ಮಳೆಗಾಲದಲ್ಲಿ ಒಳಛಾವಣಿ ತೇವ ಹಿಡಿಯುತ್ತದೆ. ಪ್ರತಿ ಕಾಲಿಗೂ ಒಂದಡಿ ಘನದ ಕಾಂಕ್ರೀಟ್ ಬ್ಲಾಕ್ ಹಾಕಿಸಿ, ಒಂದೊಂದೂ 65 ಕಿಲೋ ಆಸುಪಾಸು ತೂಗುತ್ತದೆ. ಕಾಲು ನಿಲ್ಲುವ ಕಡೆ ನೆಲ ಕಚ್ಚು ಹೊಡೆದು, ಸಿಮೆಂಟ್ ಹಾಲು ಬಳಿದು ಎರಕ ಹಾಕಿದರೆ ಕಚ್ಚಿಕೊಳ್ಳುತ್ತದೆ. ಬಯಲು ಕಡೆ ಗಾಳಿ ಜೋರಿದ್ದರೆ ಬ್ಲಾಕ್ ದೊಡ್ಡದಾಗಬೇಕು.

ತಂತಿಮನೆ:
ಇನ್ವರ್ಟರ್ ಕೆಳಗಿರಲಿ, ಮೀಟರ್ ಹತ್ತಿರ, ನೆರಳಿನಲ್ಲಿ. 6 ಪ್ಯಾನೆಲ್ ಸರಣಿಯಲ್ಲಿ ಸುಮಾರು 250 ವೋಲ್ಟ್, 13 ಆಂಪ್ಸ್. ಪ್ಯಾನೆಲ್ ಕೊಡುವ ಈ ಡಿಸಿಯನ್ನು ಇನ್ವರ್ಟರ್ ಮನೆಗೂ ಲೈನಿಗೂ ಹೊಂದುವ ಎಸಿ ಮಾಡುತ್ತದೆ, ಆ ಕಡೆಯೂ ಅಷ್ಟೇ ಆಂಪ್ಸ್. ಹಾಗಾದರೆ ವ್ಯತ್ಯಾಸವೇನು? ಡಿಸಿ ವೈರಿನಲ್ಲಿ ವೋಲ್ಟೇಜ್ ಬಿದ್ದರೆ ಕರೆಂಟು ಸ್ವಲ್ಪ ನಷ್ಟ, ಅಷ್ಟೇ. ಎಸಿ ಕಡೆ ಉಲ್ಟಾ: ಗ್ರಿಡ್‌ಗೆ, ಅಂದರೆ ಬೀದಿಯ ಲೈನಿಗೆ, ತಳ್ಳಲು ಇನ್ವರ್ಟರ್ ತನ್ನ ತುದಿಯಲ್ಲಿ ವೋಲ್ಟೇಜ್ ಏರಿಸಿಕೊಳ್ಳಬೇಕು. ಇನ್ವರ್ಟರ್ ಮೇಲಿಟ್ಟು ಮೀಟರ್‌ವರೆಗೆ 30 ಮೀಟರ್ ದೂರಕ್ಕೆ ಎರಡೂವರೆ ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆದರೆ 5ರಿಂದ 6 ವೋಲ್ಟ್ ಏರುತ್ತದೆ. ಬೀದಿಯ ಲೈನ್ ಮಧ್ಯಾಹ್ನ ಮೊದಲೇ ಮೇಲಿದ್ದರೆ ಮಿತಿ ದಾಟಿ ಟ್ರಿಪ್ ಆಗುತ್ತದೆ, ಅದೂ ಬಿಸಿಲು ಕಾಯುವ ಹೊತ್ತಿಗೇ. ‘ಇನ್ವರ್ಟರ್ ಹಾಳು’ ಎಂಬ ದೂರುಗಳಲ್ಲಿ ಎಷ್ಟೋ ಇದೇ.

ಕನೆಕ್ಟರ್‌ಗಳು ಎರಡೂ ಕಡೆ ಒಂದೇ ಕಂಪನಿಯವಾಗಿರಲಿ, ಕ್ರಿಂಪಿಂಗ್ ಟೂಲ್‌ನಿಂದಲೇ ಒತ್ತಿಸಿ. ಪ್ಲೇಯರ್‌ನಲ್ಲಿ ಹಿಸುಕಿದ್ದು ಸಡಿಲವಾಗಿ ಕಾಯುತ್ತದೆ, ಕೊನೆಗೆ ಕರಗುತ್ತದೆ. ಡಿಸಿ, ಎಸಿ, ಮಿಂಚುಬಂಧಕ ಮೂರಕ್ಕೂ ಅರ್ತ್ ಗುಂಡಿ ಬೇರೆಬೇರೆ. ಇಲ್ಲಿ ಉಳಿಸಲು ಹೋಗಲೇಬೇಡಿ.

ಬೆಣ್ಣೆನಗರಿ:
ಆಗ್ನೇಯದಲ್ಲಿ ಜಾಗ ಇದೆ, ಅಲ್ಲಿಗೇ ಹಾಕಿಸುತ್ತೇನೆ. ಸಬ್ಸಿಡಿ ಮೊದಲೇ ಕಡಿತವಾಗುತ್ತದೆಯೇ?

ಲೆಕ್ಕಪತ್ರ:
ಇಲ್ಲ. ಕೇಂದ್ರದ ಸಬ್ಸಿಡಿ ಯೋಜನೆ ಪಿಎಂ ಸೂರ್ಯಘರ್‌ನಲ್ಲಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಅಥವಾ ಮೇಲಕ್ಕೆ 78,000 ರೂಪಾಯಿ. ಎಲ್ಲ ಮುಗಿದು ಚಾಲೂ ಆದಮೇಲೆ ನಿಮ್ಮ ಖಾತೆಗೇ ಬರುತ್ತದೆ. ಪೂರ್ತಿ ಹಣ ಮೊದಲು ಹೊಂದಿಸಿಕೊಳ್ಳಿ. ಭಾರತದಲ್ಲೇ ತಯಾರಾದ ಸೆಲ್ ಇರುವ ಡಿಸಿಆರ್ ಪ್ಯಾನೆಲ್ ಕಡ್ಡಾಯ. ಬೇರೆ ಪ್ಯಾನೆಲ್ ಅಗ್ಗ ಸಿಕ್ಕಿತೆಂದು ಹಾಕಿದರೆ 78,000 ಹೋಯಿತು. ಪ್ಯಾನೆಲ್ ಹಿಂದಿನ ಸೀರಿಯಲ್ ನಂಬರ್‌ಗಳನ್ನು ಮೇಲೆ ಜೋಡಿಸುವ ಮುಂಚೆಯೇ ಫೋಟೊ ತೆಗೆದಿಡಿ.

ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಎಂದುಕೊಂಡರೂ ನಿಮ್ಮ ಬಳಕೆಗೆ 3 ಸಾಕು, 5 ಬೇಡ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಗಳ ಲೆಕ್ಕ ಬೇರೆ, ಅಲ್ಲಿ ಉಳಿಯುವ ಬಿಲ್ಲೇ ಇಲ್ಲ. ಕೊನೆಯ ಕಂತನ್ನು ನೆಟ್ ಮೀಟರ್ (ಪಡೆದ, ಕೊಟ್ಟ ಕರೆಂಟು ಎರಡನ್ನೂ ಅಳೆಯುವ ಮೀಟರ್) ಕೂರುವವರೆಗೆ ತಡೆಹಿಡಿಯುವ ಷರತ್ತು ಒಪ್ಪಂದದಲ್ಲೇ ಬರೆಸಿ.