ಗದ್ದೆ ಏಡಿ ಬದುಕುವ ನೀರಿನಲ್ಲಿ ಸಮುದ್ರದ ಏಡಿ ಯಾಕೆ ಸಾಯುತ್ತದೆ?

ಪ್ರಶ್ನೆ (ಮೂಡಿಗೆರೆ): ನಮಸ್ಕಾರ ಮೇಡಂ. ಭಾವ ಮಂಗಳೂರಿನಿಂದ ಜೀವಂತ ಸಮುದ್ರದ ಏಡಿ ತಂದಿದ್ದರು. ಬೆಳಿಗ್ಗೆ ಸಾರು ಮಾಡೋಣ ಅಂತ ಬಕೆಟ್‌ನಲ್ಲಿ ಬಾವಿ ನೀರು ತುಂಬಿ ಬಿಟ್ಟೆವು. ಬೆಳಗಾಗುವಷ್ಟರಲ್ಲಿ ಎಲ್ಲ ಸತ್ತಿದ್ದವು. ನಮ್ಮ ಗದ್ದೆ ಏಡಿ ಅದೇ ನೀರಲ್ಲಿ ಆರಾಮಾಗಿ ಇರುತ್ತಲ್ವಾ?

ಉತ್ತರ (ಪ್ರಾಣಿಶಾಸ್ತ್ರ ಉಪನ್ಯಾಸಕಿ, ಹಾಸನ): ನಿಂತ ನೀರಲ್ಲಿ ಉಸಿರುಗಟ್ಟಿದ್ದೂ ಇರಬಹುದು. ಆದರೆ ಉಪ್ಪಿಲ್ಲದ ನೀರೊಂದೇ ಸಾಕು ಅವನ್ನು ಕೊಲ್ಲೋಕೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಲ್ಲಿನ ಏಡಿಯ ರಕ್ತವೂ ಹೆಚ್ಚುಕಮ್ಮಿ ಅಷ್ಟೇ ಉಪ್ಪು. ಬಾವಿ ನೀರಿಗೆ ಬಿದ್ದರೆ ಕಿವಿರಿನ ಮೂಲಕ ನೀರು ಒಳಗೆ ನುಗ್ಗುತ್ತದೆ, ಉಪ್ಪು ಹೊರಗೆ ಸೋರುತ್ತದೆ. ರಕ್ತ ತೆಳುವಾದಂತೆ ಜೀವಕೋಶಗಳು ಊದಿಕೊಳ್ಳುತ್ತವೆ. ನರ, ಹೃದಯ ಕೆಲಸ ನಿಲ್ಲಿಸುತ್ತವೆ.

ಗದ್ದೆ ಏಡಿಯ ರಕ್ತದಲ್ಲಿ ಲವಣ ಇದರ ಅರ್ಧದಷ್ಟು. ಅಷ್ಟನ್ನು ಉಳಿಸಿಕೊಳ್ಳೋಕೂ ಅದು ಹಗಲುರಾತ್ರಿ ದುಡಿಯಬೇಕು. ಏಡಿ ಸ್ವಚ್ಛ ಮಾಡುವಾಗ ಚಿಪ್ಪಿನಡಿಯಿಂದ ಕಿತ್ತು ಬಿಸಾಡುವ ಪದರಪದರದ ಭಾಗ ಇದೆಯಲ್ಲ, ಅದೇ ಕಿವಿರು. ಹಿಂಬದಿಯ ಕಿವಿರುಗಳ ಜೀವಕೋಶದ ಪೊರೆ ಒಳಕ್ಕೆ ಮಡಿಕೆಮಡಿಕೆಯಾಗಿರುತ್ತದೆ, ನಡುವೆ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಕಿಕ್ಕಿರಿದಿರುತ್ತವೆ. ಆ ಪೊರೆಯಲ್ಲಿ ಪಂಪಿನಂತೆ ಕೆಲಸ ಮಾಡುವ ಪ್ರೋಟೀನು ಇದೆ. ಈ ಪಂಪು ಮೂರು ಸೋಡಿಯಂ ಕಣಗಳನ್ನು ರಕ್ತಕ್ಕೆ ತಳ್ಳಿ, ಎರಡು ಪೊಟ್ಯಾಸಿಯಂ ಕಣಗಳನ್ನು ಕೋಶದೊಳಗೆ ಎಳೆದುಕೊಳ್ಳುತ್ತದೆ. ಕೋಶದೊಳಗೆ ಸೋಡಿಯಂ ಕಡಿಮೆಯಾಗೋದರಿಂದ ನೀರಿನ ಕಡೆಯಿಂದ ಹೊಸ ಸೋಡಿಯಂ ಬರುತ್ತದೆ. ಡೆನ್ಮಾರ್ಕ್‌ನ ವಿಜ್ಞಾನಿ ಯೆನ್ಸ್ ಸ್ಕೌ 1957ರಲ್ಲಿ ಈ ಪಂಪನ್ನು ತೋರಿಸಿಕೊಟ್ಟದ್ದು ಏಡಿಯ ಕಾಲಿನ ನರದಲ್ಲೇ! 1997ರಲ್ಲಿ ನೊಬೆಲ್ ಬಂತು. ಪಾಠ ಮಾಡುವಾಗಲೆಲ್ಲ ನನಗೆ ಇದನ್ನು ಹೇಳೋದೇ ಖುಷಿ. ನಮ್ಮ ಮೈಯಲ್ಲೂ ಇರೋದು ಇದೇ ಪಂಪು.

ಸಕಲೇಶಪುರದಿಂದ ಇನ್ನೊಬ್ಬರು: ಹಾಗಾದರೆ ಅಳಿವೆ ಏಡಿ? ಅಲ್ಲಿ ಉಬ್ಬರ ಇಳಿತಕ್ಕೆ ಉಪ್ಪು ಬದಲಾಗ್ತಾನೇ ಇರುತ್ತಲ್ವಾ?

ಉತ್ತರ: ಒಳ್ಳೆ ಪ್ರಶ್ನೆ. ಅದಕ್ಕೆ ಕಿವಿರಿನ ಪಂಪೂ ಇದೆ, ಪ್ರತಿ ಕೋಶದೊಳಗೂ ಇನ್ನೊಂದು ಏರ್ಪಾಡಿದೆ. ನೀರು ಸಪ್ಪೆಯಾಗಿ ಕೋಶ ಊದಿದ ಕೂಡಲೇ ಪೊರೆಯ ದಾರಿಗಳು ತೆರೆಯುತ್ತವೆ. ಮೊದಲು ಪೊಟ್ಯಾಸಿಯಂ, ಕ್ಲೋರೈಡ್ ಹೊರಗೆ ಹೋಗುತ್ತವೆ, ಆಮೇಲೆ ಗ್ಲೈಸಿನ್, ಪ್ರೋಲಿನ್, ಅಲನಿನ್‌ನಂಥ ಅಮೈನೋ ಆಮ್ಲಗಳು. ಅವುಗಳ ಹಿಂದೆಯೇ ನೀರೂ ಹೋಗಿ ಕೋಶ ಮೊದಲಿನ ಗಾತ್ರಕ್ಕೆ ಬರುತ್ತದೆ. ಉಪ್ಪು ಏರಿದಾಗ ಅಮೈನೋ ಆಮ್ಲಗಳನ್ನು ಮತ್ತೆ ಕೂಡಿಹಾಕುತ್ತದೆ. ಬರೀ ಉಪ್ಪನ್ನೇ ತುಂಬಿಕೊಂಡರೆ ಒಳಗಿನ ಪ್ರೋಟೀನುಗಳು ಕೆಡುತ್ತವೆ. ಅಮೈನೋ ಆಮ್ಲ ಎಷ್ಟಿದ್ದರೂ ಅಂಥ ತೊಂದರೆಯಿಲ್ಲ. ಸಮುದ್ರದ ಏಡಿ, ಸಿಗಡಿಯ ಮಾಂಸ ಸಿಹಿ ಅನ್ನಿಸೋದಕ್ಕೂ ಈ ಗ್ಲೈಸಿನ್ ಮುಖ್ಯ ಕಾರಣ.

ಮೂಡಿಗೆರೆಯವರು: ಥ್ಯಾಂಕ್ಸ್ ಮೇಡಂ. ಬಕೆಟ್‌ಗೆ ಅಡುಗೆ ಉಪ್ಪು ಹಾಕಿದ್ದರೆ ಉಳಿಯುತ್ತಿದ್ದವಾ?

ಉತ್ತರ: ನಂಬೋಕಾಗಲ್ಲ. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಇರುತ್ತವೆ, ಅಡುಗೆ ಉಪ್ಪಿನಲ್ಲಿ ಅವಿಲ್ಲ. ಒಂದು ರಾತ್ರಿಯ ಮಟ್ಟಿಗೆ ನೀರಿಗೇ ಹಾಕಬೇಡಿ. ಒದ್ದೆ ಗೋಣಿಚೀಲ ಹೊದಿಸಿ ತಂಪಾದ ಕಡೆ ಇಡಿ. ಕಿವಿರು ಒದ್ದೆಯಿದ್ದರೆ ಗಾಳಿಯಲ್ಲೂ ಸ್ವಲ್ಪ ಹೊತ್ತು ಉಸಿರಾಡುತ್ತವೆ. ಮತ್ತೆ, ರಾತ್ರಿಯೇ ಸತ್ತ ಏಡಿಯನ್ನು ಸಾರಿಗೆ ಹಾಕಬೇಡಿ, ಬೇಗ ಕೆಡುತ್ತದೆ.